ಎಂಟು ಪಾಯಿಂಟ್ ನಾಲ್ಕು

ಹಿದ್ದ್‌ನ ಡ್ರೈಡಾಕಿನಲ್ಲಿ ಹದಿನೇಳು ವರ್ಷ
ಹಡಗಿನ ಹೊಟ್ಟೆಗೆ ಜೆಲ್ ಬಳಿದು
ನಾಣ್ಯದಷ್ಟಗಲದ ಪ್ರೋಬ್ ಒತ್ತಿ
ಕಿವಿಗೆ ಕೇಳದ ಶಬ್ದವನ್ನು ಉಕ್ಕಿನೊಳಗೆ ಕಳಿಸಿದವನು ನಾನು.
ಹೋದದ್ದು ಹಿಂದಿನ ಗೋಡೆಗೆ ಬಡಿದು ಬರುತ್ತದೆ,
ಬಂದ ಹೊತ್ತು ಲೆಕ್ಕ ಹಾಕಿ ಮೀಟರು ಹೇಳುತ್ತದೆ:
ಹನ್ನೆರಡು. ಹನ್ನೊಂದು ಪಾಯಿಂಟ್ ಆರು. ಹತ್ತು.
ತುಕ್ಕು ಎಷ್ಟು ತಿಂದಿದೆ, ಎಷ್ಟು ಬಿಟ್ಟಿದೆ.
ಸವೆದಲ್ಲಿ ಹಳದಿ ಚಾಕ್‌ಪೀಸಿನ ಒಂದು ವೃತ್ತ.
ಅಷ್ಟೇ ನನ್ನ ಕೆಲಸ. ರಿಪೇರಿ ಬೇರೆಯವರದ್ದು.

ಈಗ ಮುಹರ್ರಕ್‌ನ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯ ಹೊರಗೆ
ಬಸುರಿಯರ ಸಾಲಿನಲ್ಲಿ ನಾನೊಬ್ಬ ಗಂಡಸು,
ಪ್ಯಾಂಟು ಮೊಣಕಾಲಿಗೆ ಮಡಚಿ.
ಅಬಾಯಾದೊಳಗಿಂದ ಯಾರೋ ಕಿಸಕ್ಕೆಂದರು.
ನನಗೂ ನಗು ಬಂತು. ಎಷ್ಟನೇ ತಿಂಗಳು ಅನ್ನಲಿ?
ಸ್ಟೇಜಿಂಗಿನಿಂದ ಬಿದ್ದು ಇದು ಐದನೆಯದು.
ಮೂಳೆ ಕೂಡಿತು, ನರ ಮಾತ್ರ ಒಪ್ಪಲಿಲ್ಲ.
ಸಾಕ್ಸ್ ತಾಗಿದರೂ ವೆಲ್ಡಿಂಗ್ ಕಿಡಿ.

ಬುಥೈನಾ ಅವಳ ಹೆಸರು; ಅರ್ಧ ಹಿಂದಿ, ಅರ್ಧ ಕೈಸನ್ನೆ.
"ನರದ ಬದಿಗೆ ಸೂಜಿಯಲ್ಲಿ ಗುಳ್ಳೆಗಳನ್ನು ಬಿಟ್ಟಿದ್ದೇವೆ,
ಕಣ್ಣಿಗೆ ಕಾಣದಷ್ಟು ಸಣ್ಣವು, ಕೊಬ್ಬಿನ ಗೋಡೆ,
ಒಳಗೆ ಮದ್ದು. ಸುಮ್ಮನಿರುತ್ತವೆ.
ನೋವು ಬಂದಾಗ ಇದನ್ನು ಒತ್ತು.
ಶಬ್ದ ತಾಗಿದರೆ ಬಾಗಿಲು ತೆರೆಯುತ್ತವೆ,
ಅಷ್ಟು ಜಾಗಕ್ಕೆ ಮಾತ್ರ.
ಹೊಸ ಪ್ರಯೋಗ. ಸಹಿ ಹಾಕಿದ್ದೀಯಲ್ಲ?"
ಹಾಕಿದ್ದೆ.
ಜೆಲ್ ಹಚ್ಚಿದಳು. ಅದೇ ತಂಪು.
ಹೊರಗೆ ನಲವತ್ತಾರು ಡಿಗ್ರಿ.
ಯಾಕೆ ಹಚ್ಚುವುದೆಂದು ಹೇಳಲು ಹೊರಟಳು, ತಡೆದೆ:
ನಡುವೆ ಗಾಳಿಯಿದ್ದರೆ ಶಬ್ದ ದಾಟುವುದಿಲ್ಲ ಮೇಡಂ,
ಕೂದಲೆಳೆಯಷ್ಟಿದ್ದರೂ.
ಪೆನ್ನಿನಲ್ಲಿ ಕಣಕಾಲ ಮೇಲೆ ಒಂದು ವೃತ್ತ ಬರೆದಳು.
ನೋಡಿದೆ. ಈ ಸಲ ಪ್ಲೇಟು ನಾನೇ.

"ರೀಡಿಂಗ್ ಎಷ್ಟು?" ಅಂದೆ, ಅಭ್ಯಾಸಬಲ.
"ಇದು ನೋಡುವ ಮಿಶಿನ್ ಅಲ್ಲ, ಬಿಡಿಸುವ ಮಿಶಿನ್.
ರೀಡಿಂಗ್ ನೀನೇ ಕೊಡಬೇಕು. ಸೊನ್ನೆಯಿಂದ ಹತ್ತರೊಳಗೆ."

ಬಾಯಿ ಒಣಗಿತು.
ಫಿಟ್‌ನೆಸ್ ಕಾಗದ ಆಗದೆ ವೀಸಾ ಮುಂದಕ್ಕೆ ಹೋಗದು.
ಮೂರು, ಅಂದೆ.
ಅವಳು ಬರೆದುಕೊಂಡಳು. ಮೂರು.

ಬರೆದುಕೊಳ್ಳುವ ಆ ಕೈ ನನಗೆ ಗೊತ್ತು.
ಅಲ್ ನವ್ರಸ್, ಮರಳು ಹೊರುವ ಬಾರ್ಜು,
ಎಡಮಗ್ಗುಲು, ಇಪ್ಪತ್ತೆರಡನೇ ಫ್ರೇಮಿನ ಕೆಳಗೆ
ಮೀಟರು ಎಂಟು ಪಾಯಿಂಟ್ ನಾಲ್ಕು ಅಂದಿತ್ತು.
ಒಂಬತ್ತರ ಕೆಳಗೆ ಹೋದರೆ ಪ್ಲೇಟು ಕತ್ತರಿಸಬೇಕು.
ಫೋರ್‌ಮನ್ ವಿಲ್ಫ್ರೆಡ್ ಗಡಿಯಾರ ನೋಡಿದ, ನನ್ನನ್ನು ನೋಡಲಿಲ್ಲ.
ನಾಳೆ ಡಾಕಿಗೆ ನೀರು ಬಿಡ್ತಾರೆ ಭುಜಂಗ, ಅಂದ.
ಇನ್ನೊಮ್ಮೆ ಜೆಲ್ ಬಳಿದು ಇನ್ನೊಮ್ಮೆ ಒತ್ತಿದೆ.
ಎಂಟು ಪಾಯಿಂಟ್ ನಾಲ್ಕು.
ಒಂಬತ್ತು ಪಾಯಿಂಟ್ ಒಂದು ಎಂದು ಬರೆದೆ.
ಚಾಕ್‌ಪೀಸು ಜೇಬಿನಲ್ಲೇ ಉಳಿಯಿತು.

ರಾತ್ರಿ ಕ್ಯಾಂಪಿನ ಮೇಲಿನ ಮಂಚದಲ್ಲಿ ಬನಮಾಲಿಯ ಗೊರಕೆ.
ಎರಡೂವರೆಗೆ ಕಾಲು ಹೊತ್ತಿಕೊಂಡಿತು.
ಜೆಲ್. ಪ್ರೋಬ್. ಗುಂಡಿ.
ಏನೂ ಕೇಳಿಸಲಿಲ್ಲ, ಕೇಳಿಸಲೂಬಾರದು.
ಎಷ್ಟೋ ಹೊತ್ತಿಗೆ
ಬೆಂಕಿಯ ಅಂಚು ಗೆರೆಯೊಳಕ್ಕೆ ಸರಿಯಿತು;
ಇಳಿತದಲ್ಲಿ ಗಂಗೊಳ್ಳಿಯ ಅಳಿವೆ
ಮರಳದಿಬ್ಬವೊಂದನ್ನು ಬಿಟ್ಟುಕೊಡುವ ಹಾಗೆ
ಅಷ್ಟು ಜಾಗ ನನಗೆ ವಾಪಸು ಸಿಕ್ಕಿತು.
ಬೆರಳಿಂದ ತಟ್ಟಿದೆ. ಬೇರೆ ಯಾರದೋ ಕಾಲು.
ವೃತ್ತದ ಹೊರಗಿದ್ದದ್ದೆಲ್ಲ ಎಚ್ಚರವಾಗಿತ್ತು,
ಪೂರ್ತಿ ಎಚ್ಚರ.

ಫೋನಿನಲ್ಲಿ ಹಡಗುಗಳ ನಕ್ಷೆ ತೆರೆದೆ.
ಹಸಿರು ಬಾಣ, ಸಿತ್ರಾದಾಚೆ, ನಾಲ್ಕು ನಾಟ್ ವೇಗ,
ಅಲ್ ನವ್ರಸ್, ಮರಳು ಹೊತ್ತು,
ಎಂಟು ಪಾಯಿಂಟ್ ನಾಲ್ಕು, ಈಗ ಅದಕ್ಕೂ ಕಡಿಮೆ.
ಆ ಪ್ಲೇಟಿನ ಪಕ್ಕ ಯಾರು ಮಲಗಿದ್ದಾರೋ.
ದಿನಕ್ಕೆ ಮೂರು ಸಲ ಒತ್ತಬಹುದು ನಾನು.
ಮತ್ತೆ ಒತ್ತಲಿಲ್ಲ.

ಬೆಳಿಗ್ಗೆ ಬುಥೈನಾಗೆ ಫೋನ್ ಮಾಡಿದೆ.
ಮೂರಲ್ಲ, ಏಳು. ಮೊದಲಿನಿಂದಲೂ ಏಳು.
ಆ ಕಡೆ ಕಾಗದ ಮಗುಚುವ ಸದ್ದು.
"ಹೊಡೆದುಹಾಕುವ ಹಾಗಿಲ್ಲ. ಪಕ್ಕದಲ್ಲಿ ಬರೆಯುತ್ತೇನೆ.
ಇನ್ನೇನಾದರೂ ಇದೆಯಾ?"
ಇತ್ತು. ಅವಳ ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹಿದ್ದ್ ಬಸ್ಸಿಗೆ ಕಾಯುತ್ತ ಜೇಬಿಗೆ ಕೈ ಹಾಕಿದೆ.
ಬೆರಳಿಗೆ ಹಳದಿ ಹತ್ತಿತು.