ಎಂಟು ನಲ್ಲಿ, ಒಂದು ಬಕೆಟ್ಟು

ಒರ್ಲ್ಯಾಂಡೋದ ಬಿಸಿಲಿಗೆ ಹೆದರಿ
ಒಳಗೆ ನುಗ್ಗುತ್ತಾರೆ ಎಲ್ಲರೂ ಮೊದಲು.
ಬಾಯಾರಿಕೆ ಆಮೇಲೆ ನೆನಪಾಗುತ್ತದೆ.

ಗೋಡೆಗುಂಟ ಎಂಟು ನಲ್ಲಿ,
ನಲ್ಲಿಯ ನೆತ್ತಿಗೊಂದೊಂದು ಬಾವುಟ,
ಹೆಬ್ಬೆರಳೆತ್ತರದ ಕಾಗದದ ಲೋಟ. ಬಿಟ್ಟಿ.
ಪೆರುವಿನ ಹಳದಿ, ಥಾಯ್ಲೆಂಡಿನ ಗುಲಾಬಿ,
ಜಪಾನಿನದು ಸೌತೆಕಾಯಿ ತೊಳೆದ ನೀರು
ಎನ್ನುತ್ತಾರೆ ಕೆಲವರು.
ಕೇಳಿಸಿಕೊಂಡು ಒರೆಸುತ್ತೇನೆ.

ನನ್ನ ಹೆಸರು ಗಿಸ್ಲೆನ್. ಎದೆಯ ಬಿಲ್ಲೆಯಲ್ಲಿ
ಹೆಸರಿನ ಕೆಳಗೆ ಊರೂ ಇದೆ: ಜಾಕ್ಮೆಲ್, ಹೈಟಿ.
ಓದಿದವರು "ಓ" ಎನ್ನುತ್ತಾರೆ,
ಆಮೇಲೆ ಏನೂ ಎನ್ನುವುದಿಲ್ಲ.
ಎಂಟರಲ್ಲಿ ನಮ್ಮದೊಂದು ನಲ್ಲಿಯಿಲ್ಲ.

ಚೆಲ್ಲಿದ್ದೆಲ್ಲ ಅಂಟು. ದೇಶ ಯಾವುದಾದರೇನು,
ನೆಲಕ್ಕೆ ಬಿದ್ದ ಮೇಲೆ ಸಕ್ಕರೆ ಸಕ್ಕರೆಯೇ.
ನಡೆದರೆ ಬೂಟು ಪಚ್ ಪಚ್ ಎಂದು
ಮುತ್ತು ಕೊಟ್ಟು ಕೊಟ್ಟು ಬಿಡಿಸಿಕೊಳ್ಳುತ್ತದೆ.

ಏಳನೆಯ ನಲ್ಲಿಯ ಹತ್ತಿರ ಮಾತ್ರ
ಬೇಕೆಂದೇ ನಿಧಾನ ಮಾಡುತ್ತೇನೆ.
ಇಟಲಿಯದು. ನೋಡಲು ನೀರು. ಬಾಯಿಗಿಟ್ಟರೆ ಕಹಿ,
ಅಂಥಿಂಥ ಕಹಿಯಲ್ಲ,
ನಾಲಿಗೆಯ ಬುಡಕ್ಕೆ ಮೊಳೆ ಹೊಡೆದಂಥದು.
ಗೊತ್ತಿದ್ದವರು ಗೊತ್ತಿಲ್ಲದವರನ್ನು
ಕೈಹಿಡಿದು ಕರೆತರುವ ನಲ್ಲಿ.
"ಎಲ್ಲಕ್ಕಿಂತ ಇದೇ ಚೆನ್ನ, ಒಂದೇ ಗುಟುಕಿಗೆ!"
ಗಂಡ ಹೆಂಡತಿಗೆ, ಮಗ ತಾಯಿಗೆ,
ಒಮ್ಮೆ ಪಾದ್ರಿಯೊಬ್ಬರು ಇಡೀ ಗಾಯನ ತಂಡಕ್ಕೆ.
ಮುಖಗಳು ಹಿಂಡಿದ ನಿಂಬೆಹೋಳಾಗುವುದನ್ನು
ಹನ್ನೊಂದು ವರ್ಷದಿಂದ ನೋಡಿದ್ದೇನೆ.
ಮೋಸಹೋದವರು ಬಾಯಿ ಒರೆಸಿಕೊಂಡು
ಹುಡುಕುತ್ತಾರೆ, ತಕ್ಷಣ, ಮುಂದಿನವರನ್ನು.

ಒಂದು ಮಂಗಳವಾರ ಬಂದರು ವೆಂಡೆಲ್ ಪ್ರೂಯಿಟ್
(ಹೆಸರು ಆಮೇಲೆ ತಿಳಿದದ್ದು),
ಒಕಾಲಾದಲ್ಲಿ ಕುದುರೆಗಳಿಗೆ ಲಾಳ ಹೊಡೆದು ಬದುಕಿದವರು.
ಜೊತೆಗೆ ಮೊಮ್ಮಗಳು ಟ್ಯಾಮ್ಸಿನ್,
ಒಂಬತ್ತು ವರ್ಷ, ಕೈಯಲ್ಲಿ ನೋಟುಪುಸ್ತಕ,
ಪ್ರತಿ ದೇಶಕ್ಕೂ ಹತ್ತಕ್ಕೆಷ್ಟೆಂದು ಅಂಕ.
"ತಾತ, ಪೆರು?" "ನೀರು."
"ಥಾಯ್ಲೆಂಡು?" "ತಣ್ಣನೆ ನೀರು."
"ಸರಿಯಾಗಿ ಹೇಳು ತಾತ!"
ಎರಡು ವರ್ಷದ ಹಿಂದೆ ಬಂದ ಜ್ವರ
ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಒಯ್ದಿತಂತೆ.
ಕಾಫಿಯೆಂದರೆ ಬಿಸಿ, ಐಸ್‌ಕ್ರೀಮೆಂದರೆ ತಂಪು,
ಮಿಕ್ಕಿದ್ದೆಲ್ಲ ಬರೀ ಅಗಿಯುವುದು.
ನನಗಲ್ಲ, ನಲ್ಲಿಗೆ ಹೇಳಿದಂತಿತ್ತು.
ಹುಡುಗಿ ಆರು ಸೊನ್ನೆ ಸುತ್ತಿದ್ದಳು.

ಏಳನೆಯದರ ಮುಂದೆ ನಿಂತರು.
ನನ್ನ ಮಾಪೂ ನಿಂತಿತು.
ಹುಡುಗಿಗೆ ಗೊತ್ತಿತ್ತು, ತುಟಿ ಕಚ್ಚಿ ನಗು ಹಿಡಿದಿದ್ದಳು.
ಆಟ ಆಟವೇ, ತಾತನಾದರೇನು.

ಕುಡಿದರು.
ಮುಖ ಹಿಂಡಲಿಲ್ಲ.
ದೂರದ ಲಾಯದಲ್ಲಿ ಕುದುರೆಯೊಂದು
ಕಾಲು ಬದಲಿಸಿದ ಸದ್ದಿಗೆ
ಕಿವಿಗೊಟ್ಟವರಂತೆ ನಿಂತರು.
ಮತ್ತೆ ಲೋಟ ಒಡ್ಡಿದರು. ಮತ್ತೆ.
ನಾಲ್ಕನೆಯ ಸಲ ಹಿಂದಿನ ಸಾಲು ಗೊಣಗಿತು.
"ಕಹಿ," ಎಂದರು,
ತಲೆಮರೆಸಿಕೊಂಡ ಸಾಲಗಾರನನ್ನು ಸಂತೆಯಲ್ಲಿ ಕಂಡು
ಹೆಸರು ಹಿಡಿದು ಕೂಗಿದ ಹಾಗೆ,
"ಟ್ಯಾಮಿ, ಇದು ಕಹಿ ಕಣೇ!"

ಹುಡುಗಿ ಪೆನ್ಸಿಲನ್ನು ನಾಲಿಗೆಗೆ ತಾಕಿಸಿ ಯೋಚಿಸಿದಳು.
ಎಷ್ಟು ಕೊಟ್ಟಳೋ. ಇಣುಕಿ ನೋಡುವುದು
ನನ್ನ ಕೆಲಸದ ಪಟ್ಟಿಯಲ್ಲಿಲ್ಲ.

ನಾನೇನೂ ಹೇಳಲಿಲ್ಲ. ಹೇಳಬಹುದಿತ್ತು:
ನಮ್ಮ ಬೇಲಿಗೂ ಹಬ್ಬುತ್ತದೆ ಒಂದು ಬಳ್ಳಿ, ಅಸೊಸಿ,
ಹಾಗಲದ ಜಾತಿಯದೇ. ಎಲೆ ಕುದಿಸಿ
ಮೂಗು ಹಿಡಿದು ಹೊಯ್ಯುತ್ತಿದ್ದಳು ಅಜ್ಜಿ
ಜ್ವರ ಬಂದಾಗ, ಬಾರದಾಗಲೂ.
ಏಳು ಮಕ್ಕಳು ಹಿತ್ತಿಲು ಸುತ್ತಿ ಓಡುತ್ತಿದ್ದೆವು,
ಸಿಕ್ಕಿಬಿದ್ದವರು ಉಳಿದವರನ್ನು ಹಿಡಿದುಕೊಡುತ್ತಿದ್ದೆವು.
ನನಗೊಂದು ನಲ್ಲಿ ಕೊಟ್ಟಿದ್ದರೆ
ಅದನ್ನೇ ಬಿಡುತ್ತಿದ್ದೆ, ಬಿಸಿಬಿಸಿ.
ಯಾರೂ ಸಾಲು ನಿಲ್ಲುತ್ತಿರಲಿಲ್ಲ, ಬಿಡಿ.

ರಾತ್ರಿ ಬಾಗಿಲು ಹಾಕಿದ ಮೇಲೆ
ಎಂಟೂ ನಲ್ಲಿಗಳ ಕೆಳಗಿನ ಜಾಲರಿ ಎತ್ತಿ
ತಟ್ಟೆಯ ತೊಟಕುಗಳನ್ನು ಒಂದೇ ಬಕೆಟ್ಟಿಗೆ ಸುರಿಯಬೇಕು.
ಹಳದಿ, ಗುಲಾಬಿ, ಹಸಿರು ಎಲ್ಲ ಕಲೆತು
ಯಾವ ಬಾವುಟದಲ್ಲೂ ಇಲ್ಲದ ಬಣ್ಣ ಬರುತ್ತದೆ.
ಅವತ್ತು ಬೆರಳದ್ದಿ ನೆಕ್ಕಿದೆ.
ಸಿಹಿ. ಬರೀ ಸಿಹಿ.

ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿ,
ಎರಡು ಸ್ಟಾಪು ದಾಟಿದ ಮೇಲೆ
ನಾಲಿಗೆಯ ಬುಡದಲ್ಲಿ ಒಂದು ಚೂರು,
ತಡವಾಗಿ.
ಇಳಿಯಲೆಂದು ಎದ್ದರೆ ಬೂಟು
ಬಸ್ಸಿನ ನೆಲಕ್ಕೂ ಅಂದಿತು, ಪಚ್.