ಜೊತೆಗೆ ಬಂದದ್ದು

ಎಕ್ಸ್‌ರೇಯಲ್ಲಿ ಅದು ನೆರಳ ಮೇಲೆ ನೆರಳು,
ಅಷ್ಟೇ ಅಂದುಕೊಂಡಿದ್ದೆ.

ಲಿಂಗಸುಗೂರು, ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿ.
ಕುರ್ಚಿಯಲ್ಲಿ ಹುಸೇನಪ್ಪ,
ಹಟ್ಟಿ ಗಣಿಯೊಳಗೆ ಮೂವತ್ತೊಂದು ವರ್ಷ ಡ್ರಿಲ್ಲು ಹಿಡಿದವರು,
ಪಕ್ಕದ ಕುರ್ಚಿಯ ಡ್ರಿಲ್ಲಿನ ಸದ್ದಿಗೆ ನಕ್ಕರು:
"ಸೊಳ್ಳಿ ಗುಂಯ್ ಅಂದಂಗ ಆತ್ರಿ ಮೇಡಂ."

ಕಡೆಯ ದವಡೆ ಹಲ್ಲು. ಹುಳುಕು.
ಬೋರಿನ ನೀರು ಕುಡಿದ ಕಂದು.
ಇಕ್ಕಳ ಹಿಡಿದು ಅಲುಗಿಸಿದೆ;
ಪಕ್ಕದ್ದೂ ಅಲುಗಿತು.
ನಿಲ್ಲಬೇಕಿತ್ತು ಅಲ್ಲಿಗೇ.
ಕೈ ಆಗಲೇ ಎಳೆದಿತ್ತು.

ಟ್ರೇಯಲ್ಲಿ ಠಣ್ ಅಂದದ್ದು ಒಂದೇ ಸಲ,
ಬಿದ್ದದ್ದು ಎರಡು:
ಬೇರಿಗೆ ಬೇರು ಬೆಸೆದು
ನಡುವೆ ಗೆರೆಯೂ ಇಲ್ಲ.
ಓದಿದ್ದೆ ಇದರ ಹೆಸರು,
ಪರೀಕ್ಷೆಗೆ, ಎರಡು ಅಂಕಕ್ಕೆ.

ಹತ್ತಿ ಕಚ್ಚಿದ ಬಾಯಿ. ಮಾತಿಲ್ಲ.
ಅದನ್ನೆತ್ತಿ ದೀಪಕ್ಕೆ ಹಿಡಿದು
ಹೊರಳಿಸಿ ಹೊರಳಿಸಿ ನೋಡಿದರು,
ಅದಿರು ನೋಡುವ ಹಾಗೆ.
ನಾನು ಕೈಗವಸು ತೆಗೆಯುತ್ತ
ತೆಗೆಯುತ್ತಲೇ ಇದ್ದೆ.

ಅರ್ಧ ಗಂಟೆಗೆ ಹತ್ತಿ ಉಗುಳಿ ಅಂದರು:
"ಬಿಲ್ಲು ಒಂದಕ್ಕ ಹಚ್ರಿ.
ಇನ್ನೊಂದು ನೋಯ್ತಿದ್ದಿಲ್ಲ."

ಜೋಡಿಯನ್ನು ಅಂಗಿ ಜೇಬಿಗಿಳಿಸಿದರು,
ಬೀಡಿ ಕಟ್ಟಿನ ಮಗ್ಗುಲಿಗೆ.
ಮೂರು ದಿನ ಸೇದಬ್ಯಾಡ್ರಿ ಅಂತ
ಹೇಳಬೇಕಾದದ್ದು ನೆನಪಾದಾಗ
ಮೆಟ್ಟಿಲ ಸದ್ದು ಕೆಳಗೆ ಮುಟ್ಟಿತ್ತು.