ಐದನೇ ಕಾಲಂ

ಬೀಜದ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ.
ಡಬ್ಬಿ ಒರೆಸುವುದು, ಚೀಟಿ ಅಂಟಿಸುವುದು,
ಬೇವಿನೆಲೆ ಬದಲಿಸುವುದು, ಹುಳು ಬಿದ್ದರೆ ವರದಿ.
ಮಂಡ್ಯದ ಬಿಸಿಲು ತಗಡಿನ ಮೇಲೆ ಸಿಡಿಯುವ ಹೊತ್ತಿಗೂ
ಒಳಗೆ ತಂಪು, ಮತ್ತು ರಾಗಿಯ ಆ ಒಣ ವಾಸನೆ,
ಆಡಿ ಬಂದ ಮಗುವಿನ ನೆತ್ತಿಯ ಹಾಗೆ.

ಈ ಸಲ ಹೊಸ ರಿಜಿಸ್ಟರು ಬಂತು.
ತಳಿ, ತೂಕ, ತಂದವರು, ತಾರೀಖು,
ಐದನೆಯದು: ಮೂಲ.
ನಾನು ಯೋಚಿಸಲೂ ಇಲ್ಲ.
ರಾಗಿಯ ಮುಂದೆ ದುಂಡಗೆ ಬರೆದೆ: ಮಂಡ್ಯ.
ಅಲಸಂದೆ, ಹರಳು, ಹುಣಿಸೆಬೀಜ
ಸದರಿ, ಸದರಿ, ಸದರಿ.

ಮೇಡಂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು.
ಸಿಟ್ಟಿಲ್ಲ, ನಗುತ್ತಲೇ ಮೇಲೆ ಬರೆದರು: ಆಫ್ರಿಕಾ.
ಕೆಳಗಿನ ಸದರಿಗಳು ಹಾಗೇ ಇರಲಿ ಎಂದರು.
"ಹುಣಿಸೆಯೂ?"
"ಹುಣಿಸೆಯೂ, ದ್ಯಾವಣ್ಣ."
ಸಾರಿನ ಹುಳಿ ಒಂದು ಕ್ಷಣ ನಾಲಗೆಯಿಂದಿಳಿದು
ಸಮುದ್ರದ ಕಡೆ ನಡೆದಂತಾಯಿತು.

ಶಾಲೆಯ ನಕ್ಷೆಯಲ್ಲಿ ಆ ಖಂಡಕ್ಕೆ ನಾವು ಬಳಿದದ್ದು ಕಪ್ಪು.
ಕಗ್ಗತ್ತಲ ಖಂಡ ಯಾವುದು? ಎರಡು ಅಂಕ.
ಆ ಕತ್ತಲನ್ನೇ ಬೀಸಿ, ಕುದಿಸಿ, ಕೋಲಿನಲ್ಲಿ ತಿರುವಿ
ದಿನಕ್ಕೆರಡು ಹೊತ್ತು ನುಂಗಿ ಬೆಳೆದ ಹುಡುಗ ಇವನು
ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ.
ಆ ಎರಡಂಕ ಈಗ ವಾಪಸು ಕೊಡಬೇಕೇನೋ.

ರಾತ್ರಿ ಅವ್ವನಿಗೆ ಹೇಳಿದೆ.
ಕೈ ನೀರಿಗದ್ದಿ ಮುದ್ದೆ ಕಟ್ಟುತ್ತಿದ್ದಳು, ಕಟ್ಟುವುದು ನಿಲ್ಲಲಿಲ್ಲ.
"ನದಿ ಮೂಲ, ಋಷಿ ಮೂಲ ಕೇಳಬ್ಯಾಡ ಅಂತಾರೆ.
ಹಿಟ್ಟಿನ ಮೂಲ ಕೇಳ್ಬೋದಾ ನಿಮ್ಮ ಆಪೀಸ್ನೋರು?"
ಮುದ್ದೆ ತಟ್ಟೆಗೆ ಉರುಳಿತು.
"ಅಲ್ಲೂ ಉಪ್ಪೆಸ್ರಲ್ಲೇ ಉಣ್ತಾರಾ?"
ಗೊತ್ತಿಲ್ಲ ಅಂದೆ.
"ತಂದೋಳ್ಯಾರು?"
ಬರೆದಿಲ್ಲ ಅಂದೆ.

ತಂದವಳೇ, ತಂದವನಲ್ಲ; ಅದರಲ್ಲಿ ಅವಳಿಗೆ ಅನುಮಾನವಿಲ್ಲ.
ಬೀಜ ಕಟ್ಟುವುದು ಸೆರಗಿನ ತುದಿಗೆ.
ನಾಗಮಂಗಲದ ಕಡೆಯಿಂದ ಮದುವೆಯಾಗಿ ಬರುವಾಗ
ತಾನೂ ತಂದಿದ್ದಳಂತೆ ಒಂದು ಹಿಡಿ ಅಲಸಂದೆ,
ಅತ್ತೆಗೆ ಕಾಣದ ಹಾಗೆ.
ಬೇಲಿಗೆ ಹಬ್ಬಿ ಕಾಯಿಬಿಟ್ಟ ಮೇಲೆ
ಅದೇ ಅತ್ತೆ ಬೀದಿಗೆಲ್ಲ ಹಂಚಿದಳಂತೆ
"ನಮ್ಮನೆ ಕಾಳು" ಅಂತ.

ಮಲಗಿದರೂ ಅವಳೇ ಕಣ್ಣಿಗೆ, ಮೊದಲನೆಯವಳು.
ಯಾವ ದಿಣ್ಣೆಯ ಹೊಲದವಳು?
ಯಾವ ಹಡಗು, ಅಥವಾ ಎಷ್ಟು ತಲೆಮಾರಿನ ನಡಿಗೆ?
ತಾನಾಗಿ ಬಂದಳೋ, ಮಾರಿ ತಂದರೋ?
ಗಂಟಿನಲ್ಲಿ ಏನೆಂದು ಯಾರಾದರೂ ತಡೆದು ಕೇಳಿದಾಗ
ತನ್ನ ನುಡಿಯಲ್ಲಿ ಒಂದು ಹೆಸರು ಹೇಳಿರಬೇಕು.
ಕಾಳು ಮೊಳೆಯಿತು.
ಆ ಹೆಸರು ಯಾವ ದಡದಲ್ಲೋ ಉದುರಿ
ಒಣಗಿಹೋಯಿತು.

ಮುಂಗಾರಿಗೆ ನಾಲ್ಕು ದಿನ ಮೊದಲು
ನಾಲೆಯ ಏರಿಯ ಜಾಲಿಯಲ್ಲಿ ಒಂದು ಹಕ್ಕಿ:
ಕಪ್ಪು ಬೆನ್ನು, ಬಿಳಿ ಹೊಟ್ಟೆ, ನೆತ್ತಿಗೆ ಜುಟ್ಟು.
ಚಾತಕ. ಕೆಲವು ಅಲ್ಲಿಂದಲೇ ಬರುತ್ತವೆ ಎಂದರು ಮೇಡಂ,
ಮಳೆ ಹೊತ್ತ ಗಾಳಿಯ ಬೆನ್ನೇರಿ, ಕಡಲು ದಾಟಿ.
ಕೆಲವು ಇಲ್ಲೇ ಉಳಿದವು.
ಇದು ಯಾವುದೆಂದು ನೋಡಿದರೆ ತಿಳಿಯುವುದಿಲ್ಲ.
ಕಂದದಲ್ಲಿ, ಷಟ್ಪದಿಯಲ್ಲಿ ಇಷ್ಟು ಕಾಲ
ಮೋಡಕ್ಕೆ ಬಾಯಿ ತೆರೆದೇ ಕೂತಿದ್ದ ಹಕ್ಕಿ;
ಮಿಕ್ಕ ತಿಂಗಳು ಎಲ್ಲಿರುತ್ತೀಯೆ ಎಂದು
ಯಾರಾದರೂ ಕೇಳಿದ್ದರೆ ನಾನಂತೂ ಓದಿಲ್ಲ.
ಅದು ಕೂಗಿತು. ನಾನು ಸೈಕಲ್ಲಿಳಿದು ನಿಂತೆ.
ಹಿಂದಿನ ಎತ್ತಿನಗಾಡಿಯವನು ಬೈದ.

ಮೊದಲ ಪುಟದ ಕೊನೆಗೆ ಒಂದು ಸಾಲು ಖಾಲಿ ಉಳಿದಿತ್ತು.
ಮಧ್ಯಾಹ್ನ, ಯಾರೂ ಇಲ್ಲದಾಗ, ಪೆನ್ಸಿಲ್ಲಿನಲ್ಲಿ:
ತಳಿ, ದ್ಯಾವಣ್ಣ. ತೂಕ, ಐವತ್ತೆಂಟು ಕೆಜಿ.
ತಂದವರು, ಅವ್ವ.
ತಾರೀಖು, ಅವಳು ಹೇಳುವುದು ದೊಡ್ಡ ಮಳೆಯ ವರ್ಷ.
ಐದನೆಯದಕ್ಕೆ ಬಂದು ಕೈ ತಡೆಯಿತು.
ಆಮೇಲೆ ಅದೇ ಬರೆಯಿತು:
ಸದರಿ.

ನಾಳೆ ಮೇಡಂ ಬರುವುದರೊಳಗೆ ಅಳಿಸಬೇಕು.
ರಬ್ಬರು ಎಲ್ಲಿಟ್ಟೆನೋ.